ಪ್ರಾಯಶ್ಚಿತ್ತವೋ, ಕೃಪಾಸನವೋ?

ಗೋವೆಯ ಸಾಂಖಳಿಯಲ್ಲಿ ಕೇಳಿಬರುವ ಕೊಂಕಣಿ, ಮರಾಠಿ, ಕನ್ನಡಗಳು ಮೂರೂ ‘ಪ್ರಾಯಶ್ಚಿತ್ತ’ ಎಂಬ ಪದವನ್ನು ಸಂಸ್ಕೃತದಿಂದ ಪಡೆದಿವೆ. ಧರ್ಮಶಾಸ್ತ್ರದಲ್ಲಿ ಅದನ್ನು ಆಚರಿಸತಕ್ಕವನು ಪಾಪ ಮಾಡಿದವನೇ. ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 3:25ರ ಅರ್ಥಕ್ಲೇಶ ಹುಟ್ಟುವುದು ಇಲ್ಲಿಯೇ: ಅಲ್ಲಿ ಕ್ರಿಸ್ತನನ್ನು ‘ಹಿಲಾಸ್ಟೀರಿಯೊನ್’ ಆಗಿ ಮುಂದಿಟ್ಟವನು ದೇವರು. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಈ ಪದವು ಮಂಜೂಷದ ಮೇಲಣ ಕೃಪಾಸನಕ್ಕೆ ಸಲ್ಲುತ್ತದೆ. ಯಾಜಕಕಾಂಡ 16ರಂತೆ ಮಹಾಯಾಜಕನು ವರ್ಷಕ್ಕೊಮ್ಮೆ ಅದರ ಮೇಲೆ ರಕ್ತವನ್ನು ಚಿಮುಕಿಸುತ್ತಿದ್ದನು. ‘ಕೃಪಾಸನ’ವೆಂದರೆ ಪಾಪಪರಿಹಾರದ ಅರ್ಥ ಮಸುಕಾಗುತ್ತದೆ, ‘ಪ್ರಾಯಶ್ಚಿತ್ತ’ವೆಂದರೆ ಕರ್ತೃತ್ವವು ಮನುಷ್ಯನಿಗೆ ಹೋಗುತ್ತದೆ. ಆದುದರಿಂದ ಎರಡನೆಯದನ್ನು ಆರಿಸುವ ಅನುವಾದಕನು ‘ದೇವರೇ ಒದಗಿಸಿದ’ ಎಂಬ ವಿಶೇಷಣವನ್ನು ಬಿಡುವಂತಿಲ್ಲ.