ಮುಚ್ಚದ ಬಾಗಿಲು

ಹತ್ತೊಂಬತ್ತನೆಯ ಶತಮಾನದಲ್ಲಿ ಲಂಡನ್ ಜಗತ್ತಿನ ಸಿರಿವಂತ ನಗರಗಳಲ್ಲೊಂದಾಗಿತ್ತು. ಆದರೆ ಆ ಸಿರಿಯನ್ನು ಹಡಗುಗಳಿಂದ ಇಳಿಸುತ್ತಿದ್ದ ಕೂಲಿಗಾರರ ಪಾಡು ಬೇರೆ. ನಗರದ ಪೂರ್ವಭಾಗದ ಇಕ್ಕಟ್ಟಾದ ಕೇರಿಗಳಲ್ಲಿ ಒಂದೇ ಕೋಣೆಯಲ್ಲಿ ಇಡೀ ಸಂಸಾರ ದಿನ ನೂಕುತ್ತಿತ್ತು. ತಂದೆಗೆ ಕೂಲಿ ದೊರೆಯದ ದಿನ ಮಕ್ಕಳಿಗೆ ಅನ್ನವಿಲ್ಲ. 1866ರಲ್ಲಿ ಅಲ್ಲಿ ಕಾಲರಾ ಹಬ್ಬಿ ಸಾವಿರಾರು ಜನರು ಮಡಿದರು; ತಬ್ಬಲಿಗಳು ಬೀದಿಯ ಪಾಲಾದರು.

ಅದೇ ವರ್ಷ ಡಬ್ಲಿನ್ ನಗರದ ಥಾಮಸ್ ಜಾನ್ ಬರ್ನಾರ್ಡೊ ಎಂಬ ತರುಣರು ವೈದ್ಯಶಾಸ್ತ್ರವನ್ನು ಕಲಿಯಲು ಲಂಡನ್ನಿಗೆ ಬಂದರು. ಚೀನಾ ದೇಶಕ್ಕೆ ಹೋಗಿ ಕ್ರೈಸ್ತ ಧರ್ಮಪ್ರಚಾರ ಮಾಡಬೇಕೆಂಬುದು ಅವರ ಹಂಬಲವಾಗಿತ್ತು. ಕಣ್ಣೆದುರಿನ ದಾರಿದ್ರ್ಯವು ಅವರನ್ನು ಅಲ್ಲಿಯೇ ತಡೆದು ನಿಲ್ಲಿಸಿತು. ಹರಕು ಬಟ್ಟೆಯ ಮಕ್ಕಳಿಗೆಂದು ಧರ್ಮಶ್ರದ್ಧೆಯುಳ್ಳವರು ನಡೆಸುತ್ತಿದ್ದ ಉಚಿತ ಶಾಲೆಗಳಿಗೆ ಆಗ ‘ಚಿಂದಿ ಶಾಲೆ’ ಎಂದೇ ಹೆಸರು. ಅಂಥದೊಂದು ಶಾಲೆಯನ್ನು ಬರ್ನಾರ್ಡೊ 1867ರಲ್ಲಿ ತೆರೆದರು. ಒಂದು ರಾತ್ರಿ ಪಾಠ ಮುಗಿದರೂ ಮನೆಗೆ ಹೋಗದೆ ನಿಂತಿದ್ದ ಜಿಮ್ ಎಂಬ ಹುಡುಗನು, ಮಾಡುಗಳ ಮೇಲೆ ಚಳಿಯಲ್ಲಿ ಮುದುಡಿ ಮಲಗಿದ್ದ ಬಾಲಕರನ್ನು ತೋರಿಸಿದನೆಂದು ಅವರೇ ಹೇಳಿಕೊಂಡಿದ್ದಾರೆ.

1870ರಲ್ಲಿ ಬಾಲಕರ ವಸತಿಗೃಹವೊಂದು ಆರಂಭವಾಯಿತು. ಹಾಸಿಗೆಗಳು ಮಿತವಾಗಿದ್ದವು. ಕೆಂಗೂದಲಿನಿಂದಾಗಿ ‘ಕ್ಯಾರೆಟ್’ ಎಂಬ ಅಡ್ಡಹೆಸರು ಪಡೆದಿದ್ದ ಹನ್ನೊಂದು ವರ್ಷದ ಬಾಲಕನನ್ನು ಸ್ಥಳವಿಲ್ಲವೆಂದು ಒಮ್ಮೆ ಹಿಂದಕ್ಕೆ ಕಳುಹಿಸಲಾಯಿತು. ಎರಡು ದಿನಗಳ ತರುವಾಯ ಅವನು ಹಸಿವು, ಚಳಿಗಳಿಂದ ಸತ್ತು ಬಿದ್ದಿದ್ದನು. ಅಂದಿನಿಂದ, ನಿರ್ಗತಿಕ ಮಗು ಯಾವುದೇ ಆಗಲಿ, ಯಾವ ಹೊತ್ತಿನಲ್ಲೇ ಬರಲಿ, ಹಿಂದಿರುಗಿಸಬಾರದೆಂಬುದು ಆ ಮನೆಯ ನಿಯಮವಾಯಿತು.

1877ರಲ್ಲಿ ಕಾಪರ್‌ಫೀಲ್ಡ್ ರಸ್ತೆಯಲ್ಲಿ, ಕಾಲುವೆಯ ದಂಡೆಯ ಉಗ್ರಾಣಗಳಲ್ಲಿ, ದೊಡ್ಡ ಶಾಲೆಯೊಂದು ತೆರೆಯಿತು. ಅಲ್ಲಿ ಪಾಠದೊಡನೆ ಊಟವೂ ದೊರೆಯುತ್ತಿತ್ತು. ಹೊಟ್ಟೆ ತುಂಬಿದ ಮಕ್ಕಳು ಸಂಜೆ ತಾಯಿತಂದೆಯರ ಬಳಿಗೇ ಮರಳುತ್ತಿದ್ದರು. ಬರ್ನಾರ್ಡೊ ಅವರ ಕಾರ್ಯಗಳಲ್ಲೆಲ್ಲ ಇದೇ ಮಿಗಿಲಾದುದೆಂದು ತೋರುತ್ತದೆ.

ಏಕೆಂದರೆ ಉಳಿದ ಕಡೆ ಅವರ ಕರುಣೆಗೆ ಇನ್ನೊಂದು ಮುಖವಿತ್ತು. ಕುಡುಕ ಅಥವಾ ಕ್ರೂರಿ ತಂದೆತಾಯಿಯರಿಂದ ಮಕ್ಕಳನ್ನು ಅವರ ಸಮ್ಮತಿಯಿಲ್ಲದೆಯೇ ದೂರ ಮಾಡುವುದು ನ್ಯಾಯವೆಂದು ಅವರು ನಂಬಿದ್ದರು. ಇದಕ್ಕಾಗಿ ನ್ಯಾಯಾಲಯವನ್ನೂ ಹತ್ತಬೇಕಾಯಿತು. 1882ರಿಂದ ಅವರ ಸಂಸ್ಥೆಯು ಮಕ್ಕಳನ್ನು ತಂಡತಂಡವಾಗಿ ಕೆನಡಾಕ್ಕೆ ಕಳುಹಿಸತೊಡಗಿತು. ಕೆಲವರಿಗೆ ಅಲ್ಲಿ ಒಳ್ಳೆಯ ಬದುಕು ದೊರೆಯಿತು. ಅನೇಕರು ಹೊಲಗಳಲ್ಲಿ ದುಡಿಯುತ್ತ, ಒಡಹುಟ್ಟಿದವರ ಮುಖವನ್ನೂ ಕಾಣದೆ ಬೆಳೆದರು. ಬಡತನವೊಂದೇ ತಾಯಿಯ ದೋಷವಾಗಿರುವಾಗ ಮಗುವನ್ನು ಕೊಂಡೊಯ್ಯುವುದು ಉಪಕಾರವಾದೀತೆ? ಹಲವು ಸಂಸ್ಥೆಗಳ ಮೂಲಕ ಹೀಗೆ ಹೊರನಾಡುಗಳಿಗೆ ಹೋದ ಮಕ್ಕಳ ಕ್ಷಮೆಯನ್ನು ಬ್ರಿಟನ್ನಿನ ಪ್ರಧಾನಿ ಗಾರ್ಡನ್ ಬ್ರೌನ್ 2010ರಲ್ಲಿ ಬೇಡಿದರು.

ಬರ್ನಾರ್ಡೊ 1905ರಲ್ಲಿ ತೀರಿಕೊಂಡರು. ಅವರ ಸಂಸ್ಥೆಯು ಇಂದಿಗೂ ಇದೆ. ಆದರೆ ಹಳೆಯ ಬಗೆಯ ಅನಾಥಾಲಯಗಳನ್ನು ಅದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಒಂದೊಂದಾಗಿ ಮುಚ್ಚಿತು. ಸಂಕಟದಲ್ಲಿರುವ ಸಂಸಾರಗಳಿಗೆ ನೆರವಾಗಿ, ಸಾಧ್ಯವಿದ್ದಷ್ಟೂ ಮಗು ತನ್ನ ಮನೆಯಲ್ಲಿಯೇ ಬೆಳೆಯುವಂತೆ ನೋಡಿಕೊಳ್ಳುವುದು ಈಗ ಅದರ ಕೆಲಸದ ದೊಡ್ಡ ಪಾಲಾಗಿದೆ.