ಕ್ರಿಪ್ಟೊ ವಾಲೆಟ್‌ನ ಬ್ಯಾಕಪ್

ಬಿಟ್‌ಕಾಯಿನ್ ವಾಲೆಟ್‌ನ ಒಳಗೆ ನಾಣ್ಯಗಳಿರುವುದಿಲ್ಲ. ಯಾವ ವಿಳಾಸದಲ್ಲಿ ಎಷ್ಟಿದೆ ಎಂಬ ಲೆಕ್ಕ ಬ್ಲಾಕ್‌ಚೈನ್ ಎಂಬ ಬಹಿರಂಗ ದಾಖಲೆಯಲ್ಲಿರುತ್ತದೆ. ವಾಲೆಟ್‌ನಲ್ಲಿರುವುದು ಆ ಹಣವನ್ನು ವರ್ಗಾಯಿಸಲು ಬೇಕಾದ ಖಾಸಗಿ ಕೀಲಿ ಮಾತ್ರ. ಕೀಲಿ ಕಳೆದರೆ ಹೊಸದು ಕೊಡಲು ಇಲ್ಲಿ ಬ್ಯಾಂಕಿಲ್ಲ. ಬೇರೆಯವರ ಕೈ ಸೇರಿದರೆ, ಆದ ವರ್ಗಾವಣೆಯನ್ನು ರದ್ದು ಮಾಡುವವರೂ ಇಲ್ಲ. ಒಳ್ಳೆಯ ಬ್ಯಾಕಪ್ ಈ ಎರಡು ಅಪಾಯಗಳನ್ನೂ ತಡೆಯಬೇಕು. ಎಕ್ಸ್‌ಚೇಂಜ್‌ನಲ್ಲೇ ಇಟ್ಟ ಹಣದ ಕೀಲಿ ಸಾಮಾನ್ಯವಾಗಿ ಆ ಕಂಪನಿಯ ಬಳಿಯೇ ಇರುವುದರಿಂದ ಅದಕ್ಕೆ ಈ ವಿಧಾನ ಅನ್ವಯಿಸದು.

2009ರ ಮೊದಲ ಬಿಟ್‌ಕಾಯಿನ್ ತಂತ್ರಾಂಶದಲ್ಲಿ ಪ್ರತಿ ಕೀಲಿಯೂ ಬೇರೆಬೇರೆಯಾಗಿ ಹುಟ್ಟುತ್ತಿತ್ತು. ಹಳೆಯ ಬ್ಯಾಕಪ್‌ನಲ್ಲಿ ಹೊಸ ಕೀಲಿಗಳು ಇಲ್ಲದೆ ಹೋಗುವ ಸಾಧ್ಯತೆ ಇದ್ದುದರಿಂದ ಆಗಾಗ ಹೊಸ ಪ್ರತಿ ತೆಗೆಯಬೇಕಿತ್ತು. 2012ರ ಬಿಐಪಿ-32 ಮಾನಕ ಒಂದೇ ಬೀಜಸಂಖ್ಯೆಯಿಂದ ಎಲ್ಲ ಕೀಲಿಗಳನ್ನೂ ಪಡೆಯುವ ದಾರಿ ತೋರಿತು. 2013ರ ಬಿಐಪಿ-39 ಆ ಬೀಜವನ್ನು ಪದಗಳಲ್ಲಿ ಬರೆದಿಡುವಂತೆ ಮಾಡಿತು. 2,048 ಪದಗಳ ಪಟ್ಟಿಯಿಂದ ಸಾಮಾನ್ಯವಾಗಿ 12 ಅಥವಾ 24 ಪದ ಬರುತ್ತವೆ. ಇದೇ ಸೀಡ್ ಫ್ರೇಸ್.

ಪದಗಳನ್ನು ಕ್ರಮಸಂಖ್ಯೆಯೊಡನೆ ಬರೆದುಕೊಳ್ಳಬೇಕು. ಕ್ರಮ ತಪ್ಪಿದರೆ ಅದೇ ವಾಲೆಟ್ ಮರಳದು. ಇಂಗ್ಲಿಷ್ ಪಟ್ಟಿಯ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುವುದು ಕ್ಷೇಮ. ‘ಬಲ’ ಎಂಬರ್ಥದ ರೈಟ್, ‘ಬರೆ’ ಎಂಬರ್ಥದ ರೈಟ್ ಎರಡೂ ಆ ಪಟ್ಟಿಯಲ್ಲಿವೆ. ಕನ್ನಡ ಲಿಪಿಯಲ್ಲಿ ಬರೆದಿಟ್ಟರೆ ಯಾವುದೆಂದು ಆಮೇಲೆ ತಿಳಿಯದು. ಕೈಬರಹ ಮಾಸಿದಾಗ ಇನ್ನೊಂದು ಅನುಕೂಲವಿದೆ: ಪ್ರತಿ ಪದವನ್ನೂ ಮೊದಲ ನಾಲ್ಕು ಅಕ್ಷರಗಳಿಂದಲೇ ಗುರುತಿಸಬಹುದು.

ಈ ಪದಗಳ ಫೋಟೊ ತೆಗೆಯುವುದು, ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿಕೊಳ್ಳುವುದು ಅಪಾಯ. ಫೋನಿನ ಫೋಟೊ ಮಾಲೀಕರ ಗಮನಕ್ಕೆ ಬಾರದೆಯೇ ಕ್ಲೌಡ್ ಸೇರಬಹುದು. ಕಾಗದ ಸಾಕು, ಆದರೆ ನೀರು, ಬೆಂಕಿ, ಗೆದ್ದಲಿಗೆ ಅಂಜಬೇಕು. ದೊಡ್ಡ ಮೊತ್ತಕ್ಕೆ ಸ್ಟೀಲ್ ತಗಡಿನ ಮೇಲೆ ಕೊರೆದಿಡುವ ರೂಢಿಯಿದೆ. ಎರಡು ಪ್ರತಿಗಳು ಬೇರೆಬೇರೆ ಊರಿನಲ್ಲಿದ್ದರೆ ಒಂದೇ ಅವಘಡಕ್ಕೆ ಎರಡೂ ಸಿಕ್ಕುವುದಿಲ್ಲ. ಪಟ್ಟಿಯನ್ನು ಅರ್ಧಕ್ಕೆ ತುಂಡು ಮಾಡಿಡುವುದು ಸರಿಯಲ್ಲ: ಒಂದು ತುಂಡು ಕಳೆದರೂ ಹಣ ಹೋದಂತೆಯೇ. ಹಂಚಿಡಲೇಬೇಕಿದ್ದರೆ ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ ಪ್ರಕಟಿಸಿದ ವಿಧಾನವನ್ನು ಅಳವಡಿಸಿಕೊಂಡ ವಾಲೆಟ್‌ಗಳಿವೆ. ಅವುಗಳಲ್ಲಿ, ಉದಾಹರಣೆಗೆ, ಮೂರು ಪಾಲುಗಳಲ್ಲಿ ಯಾವ ಎರಡು ಸೇರಿದರೂ ಬೀಜ ಮರಳುತ್ತದೆ, ಒಂದೇ ಪಾಲಿನಿಂದ ಏನೂ ತಿಳಿಯದು.

ಕೆಲವರು ಪದಗಳ ಜೊತೆಗೆ ಪಾಸ್‌ಫ್ರೇಸ್ ಎಂಬ ಹೆಚ್ಚುವರಿ ಗುಪ್ತಪದ ಸೇರಿಸುತ್ತಾರೆ. ಅದರಲ್ಲಿ ಒಂದಕ್ಷರ ತಪ್ಪಿದರೂ ‘ತಪ್ಪು’ ಎಂಬ ಸೂಚನೆ ಬರುವುದಿಲ್ಲ. ಬೇರೊಂದು ಖಾಲಿ ವಾಲೆಟ್ ತೆರೆದುಕೊಳ್ಳುತ್ತದೆ. ಹಾಗಾಗಿ ಅದನ್ನೂ ಬರೆದು, ಪದಗಳಿಂದ ದೂರ ಇಡಬೇಕು.

ಪರೀಕ್ಷಿಸದ ಬ್ಯಾಕಪ್ಪನ್ನು ನಂಬುವಂತಿಲ್ಲ. ಮೊದಲು ಸಣ್ಣ ಮೊತ್ತ ಹಾಕಿ, ವಾಲೆಟನ್ನು ಅಳಿಸಿ, ಬರೆದಿಟ್ಟ ಪದಗಳಿಂದ ಮರಳಿ ತೆರೆದು ನೋಡಿದ ಮೇಲೆಯೇ ಉಳಿದ ಹಣ ವರ್ಗಾಯಿಸಬೇಕು. ವಾಲೆಟ್‌ನ ಹೆಸರು, ಪ್ರತಿಗಳಿರುವ ಜಾಗ ಇಷ್ಟಾದರೂ ವಾರಸುದಾರರಿಗೆ ಗೊತ್ತಿರಬೇಕು.

ಪದಗಳು ಯಾರದಾದರೂ ಕಣ್ಣಿಗೆ ಬಿದ್ದವೆಂಬ ಅನುಮಾನ ಬಂದರೆ ಪಿನ್ ಬದಲಿಸಿ ಪ್ರಯೋಜನವಿಲ್ಲ. ಹೊಸ ಬೀಜದ ವಾಲೆಟ್ ಸೃಷ್ಟಿಸಿ, ಹಣವನ್ನೆಲ್ಲ ಕೂಡಲೇ ಅದಕ್ಕೆ ವರ್ಗಾಯಿಸಬೇಕು.