ನಿಂತು ನಿಂತು ಹೋಗುವ ಹಳೆಯ ಲ್ಯಾಪ್‌ಟಾಪು: ರೋಗ ಯಾವುದು, ಮದ್ದು ಯಾವುದು?

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಎಷ್ಟೋ ಕೃಷಿಕರ ಮನೆಗಳಲ್ಲಿ ಹತ್ತು ಹನ್ನೆರಡು ವರ್ಷ ಪ್ರಾಯದ ಒಂದು ಲ್ಯಾಪ್‌ಟಾಪು ಇರುತ್ತದೆ. ಮಕ್ಕಳು ಕಾಲೇಜಿಗೆ ಹೋಗುವಾಗ ತೆಗೆದದ್ದು. ಅವರು ಬೆಂಗಳೂರಿಗೋ ದುಬಾಯಿಗೋ ಹೋದ ಬಳಿಕ ಅದು ಚಾವಡಿಯ ಮೇಜಿಗೆ ಬಂದು, ತೋಟದ ಲೆಕ್ಕ, ಆಳುಗಳ ಸಂಬಳದ ಪಟ್ಟಿ, ಪಹಣಿಯ ಪ್ರತಿ, ಮದುವೆಯ ಫೋಟೋ ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಕುಳಿತಿರುತ್ತದೆ. ಒಂದು ದಿನ ಕೆಲಸದ ನಡುವೆ ಅದು ಅಲುಗಾಡದೆ ನಿಲ್ಲುತ್ತದೆ. ಪರದೆಯ ಬಾಣ ಸರಿಯುವುದಿಲ್ಲ, ಕೀಲಿ ಒತ್ತಿದರೆ ಅಕ್ಷರ ಮೂಡುವುದಿಲ್ಲ. ಆರಿಸಿ ಪುನಃ ಹಾಕಿದರೆ ಅರ್ಧ ಗಂಟೆ ಸರಿಯಿದ್ದು ಮತ್ತೆ ಅದೇ ಅವಸ್ಥೆ. ಈ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಕೆಲವು ಸದಸ್ಯ ಬಾಂಧವರು ಕೇಳಿಕೊಂಡಿರುವುದರಿಂದಲೂ, ಕಳೆದ ಮಳೆಗಾಲದಲ್ಲಿ ಈ ಕಷ್ಟವನ್ನು ನಾನೇ ಉಂಡಿರುವುದರಿಂದಲೂ ಇದನ್ನು ಬರೆಯುತ್ತಿದ್ದೇನೆ.

ನನ್ನ ಯಂತ್ರ 2014ರದ್ದು. ಅದು ಕೈಕೊಟ್ಟದ್ದು ಹವಾಮಾನ ಆಧಾರಿತ ಬೆಳೆ ವಿಮೆಯ ಕಂತು ಕಟ್ಟುವ ಕೊನೆಯ ವಾರದಲ್ಲಿ. ಸಂಘಕ್ಕೆ ಕೊಡಬೇಕಾದ ಕಾಗದಪತ್ರಗಳ ಪ್ರತಿಯೆಲ್ಲ ಅದರೊಳಗೆ ಇತ್ತು. ಅವುಗಳನ್ನಾದರೆ ಪುನಃ ಮಾಡಿಸಿಕೊಳ್ಳಬಹುದು, ಮಾಡಿಸಿಕೊಂಡದ್ದೂ ಆಯಿತು. ನನಗೆ ನಿದ್ದೆ ಬಾರದಂತೆ ಮಾಡಿದ್ದು ಮಳೆ ಲೆಕ್ಕ. ನಮ್ಮ ತಂದೆಯವರು 1976ರಿಂದ ಅಂಗಳದ ಮೂಲೆಯಲ್ಲಿ ಮಳೆಮಾಪಕ ಇಟ್ಟು, ದಿನವೂ ಬೆಳಿಗ್ಗೆ ಎಂಟೂವರೆಗೆ ಅಳೆದು ಪುಸ್ತಕದಲ್ಲಿ ಬರೆಯುತ್ತಿದ್ದರು. ಆ ಪುಸ್ತಕಗಳಿಗೆ ಗೆದ್ದಲು ಹಿಡಿದಾಗ ನಾನು ಒಂದು ಮಳೆಗಾಲವಿಡೀ ಕುಳಿತು ಎಲ್ಲವನ್ನೂ ಟೈಪು ಮಾಡಿ ಯಂತ್ರಕ್ಕೆ ಏರಿಸಿದೆ. ತಿಂದು ಜಾಳಾಗಿದ್ದ ಪುಸ್ತಕಗಳನ್ನು ಗೊಬ್ಬರದ ಗುಂಡಿಗೆ ಹಾಕಿಬಿಟ್ಟೆ. ಎಂಥಾ ಬುದ್ಧಿ ನೋಡಿ! ವಿಮೆಯ ಪರಿಹಾರವು ಗ್ರಾಮ ಪಂಚಾಯತು ಮಟ್ಟದ ಮಳೆಮಾಪಕದ ಅಂಕಿಯ ಮೇಲೆ ನಿರ್ಧಾರವಾಗುವ ಈ ಕಾಲದಲ್ಲಿ, ನಮ್ಮ ಅಂಗಳಕ್ಕೆ ಬಿದ್ದ ಮಳೆ ಎಷ್ಟೆಂದು ತೋರಿಸುವ ಲೆಕ್ಕ ಕೈಯಲ್ಲಿರುವುದು ಸಣ್ಣ ಸಂಗತಿಯಲ್ಲ.

ಪೇಟೆಯ ಅಂಗಡಿಯವರೊಬ್ಬರು ಯಂತ್ರವನ್ನು ಬಿಚ್ಚದೆಯೇ "ಬೋರ್ಡು ಹೋಗಿದೆ, ಹೊಸತು ತೆಗೆಯುವುದು ಒಳ್ಳೆಯದು" ಎಂದುಬಿಟ್ಟರು. ಸೋಗೆ ಹಳದಿಯಾದ ಕೂಡಲೇ ಹಳದಿ ಎಲೆ ರೋಗವೆಂದು ತೀರ್ಮಾನಿಸುವವರು ನಮ್ಮಲ್ಲಿಯೂ ಇದ್ದಾರೆ. ಬುಡದಲ್ಲಿ ನೀರು ನಿಂತರೂ ಸೋಗೆ ಹಳದಿಯಾಗುತ್ತದೆ, ಸಾರಜನಕ ಕಡಿಮೆಯಾದರೂ ಆಗುತ್ತದೆ. ಲ್ಯಾಪ್‌ಟಾಪು ನಿಲ್ಲುವುದೂ ಹಾಗೆಯೇ ಒಂದು ಲಕ್ಷಣ ಮಾತ್ರ. ಕಾರಣಗಳು ಬೇರೆ ಬೇರೆ ಉಂಟು.

ಮೊದಲು ನೋಡತಕ್ಕದ್ದು, ಯಂತ್ರ ಪೂರ್ತಿ ನಿಂತಿದೆಯೋ ಅಥವಾ ಯಾವುದಕ್ಕೋ ಕಾಯುತ್ತಿದೆಯೋ ಎಂಬುದನ್ನು. ಪರದೆ ಸ್ತಬ್ಧವಾದಾಗ ಕ್ಯಾಪ್ಸ್ ಲಾಕ್ ಕೀಲಿಯನ್ನು ಎರಡು ಸಲ ಒತ್ತಿರಿ. ಅದರ ಚಿಕ್ಕ ದೀಪ ಹತ್ತಿ ಆರಿದರೆ ಒಳಗೆ ಜೀವ ಉಂಟು. ಐದು ನಿಮಿಷ ಸುಮ್ಮನೆ ಬಿಟ್ಟರೆ ತಾನಾಗಿ ಎಚ್ಚೆತ್ತುಕೊಳ್ಳುವ ಸಂಭವವಿದೆ. ದೀಪವೂ ಕದಲದಿದ್ದರೆ ಪವರ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಆರಿಸದೆ ಗತ್ಯಂತರವಿಲ್ಲ. ಜೀವ ಇದ್ದಾಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಎಂಬ ಪಟ್ಟಿ ತೆರೆಯುತ್ತದೆ. ಅದರಲ್ಲಿ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಸಾಲುಗಳಿವೆ. ಯಾವುದರ ಕೆಳಗೆ ನೂರರ ಹತ್ತಿರದ ಅಂಕಿ ಬಿಡದೆ ನಿಂತಿದೆಯೋ ಅಲ್ಲಿಂದ ಹುಡುಕಾಟ ಆರಂಭಿಸಬೇಕು.

ನನ್ನದರಲ್ಲಿ ಡಿಸ್ಕಿನ ಕೆಳಗೆ ನೂರು ಇತ್ತು. ಹಳೆಯ ಲ್ಯಾಪ್‌ಟಾಪುಗಳ ಹಾರ್ಡ್ ಡಿಸ್ಕು ಎಂದರೆ ಒಳಗೆ ತಿರುಗುವ ತಟ್ಟೆ, ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು. ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓಡಾಡುವ ಓದುವ ಮುಳ್ಳು. ತಟ್ಟೆಯ ಯಾವುದಾದರೂ ಭಾಗ ಕೆಟ್ಟರೆ ಮುಳ್ಳು ಅದೇ ಜಾಗವನ್ನು ಪುನಃ ಪುನಃ ಓದಲು ಯತ್ನಿಸುತ್ತದೆ. ಅಷ್ಟು ಹೊತ್ತೂ ಉಳಿದ ಯಂತ್ರ ಕೈಕಟ್ಟಿ ಕಾಯುತ್ತದೆ. ಹೊರಗಿನಿಂದ ನೋಡುವ ನಮಗೆ ಅದು ನಿಂತಂತೆ ಕಾಣುತ್ತದೆ. ಕಿವಿಗೊಟ್ಟರೆ 'ಟಿಕ್ ಟಿಕ್' ಸದ್ದು ಕೇಳಿದರಂತೂ ಅದು ಕೊನೆಯ ಘಟ್ಟವೆಂದೇ ತಿಳಿಯಬೇಕು. ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿ ನೋಡಿದರೆ ಡಿಸ್ಕಿನ ಆರೋಗ್ಯ ನೀಲಿ, ಹಳದಿ, ಕೆಂಪು ಬಣ್ಣದಲ್ಲಿ ತಿಳಿಯುತ್ತದೆ. ಹಳದಿ ಕಂಡ ದಿನವೇ ಲೆಕ್ಕಪತ್ರಗಳ ಪ್ರತಿ ತೆಗೆಯತಕ್ಕದ್ದು.

ಇಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಪ್ರತಿ ತೆಗೆಯುವ ಮೊದಲೇ ಡಿಸ್ಕಿನ ದುರಸ್ತಿಗೆ ಹೊರಟೆ. ಚೆಕ್ ಡಿಸ್ಕ್ ಎಂಬ ಆಜ್ಞೆ ಕೊಟ್ಟು ರಾತ್ರಿ ಹಾಗೆಯೇ ಬಿಟ್ಟು ಮಲಗಿದೆ. ಸಾಯುತ್ತಿರುವ ಡಿಸ್ಕಿಗೆ ಅದು ಇಡೀ ತೋಟ ಅಗೆಸಿದಷ್ಟು ದುಡಿಮೆ. ಬೆಳಿಗ್ಗೆ ಎದ್ದು ನೋಡುವಾಗ ಯಂತ್ರ ಆರಂಭವೇ ಆಗಲಿಲ್ಲ. ಮೂಡುಬಿದಿರೆಯಲ್ಲಿ ಓದುತ್ತಿರುವ ತಂಗಿಯ ಮಗ ಶನಿವಾರ ಬಂದವನು "ಮಾವ, ಇನ್ನು ಇದನ್ನು ಮುಟ್ಟಬೇಡಿ" ಎಂದು ಗದರಿಸಿ, ಡಿಸ್ಕನ್ನು ಕಳಚಿ ಒಂದು ತಂತಿಯ ಮೂಲಕ ತನ್ನ ಲಿನಕ್ಸ್ ಕಂಪ್ಯೂಟರಿಗೆ ಜೋಡಿಸಿದ. ಡಿಡಿರೆಸ್ಕ್ಯೂ ಎಂಬ ತಂತ್ರಾಂಶ ಉಂಟಂತೆ. ಅದು ಕೆಟ್ಟ ಜಾಗದಲ್ಲಿ ತಗಾದೆ ಮಾಡುತ್ತಾ ನಿಲ್ಲದೆ, ಮೊದಲು ಒಳ್ಳೆಯ ಭಾಗವನ್ನೆಲ್ಲ ಎತ್ತಿಕೊಂಡು, ಅನಂತರ ಉಳಿದದ್ದಕ್ಕೆ ಮರಳುತ್ತದೆ. ಒಂದೂವರೆ ದಿನ ಓಡಿತು. ಮಳೆ ಲೆಕ್ಕದಲ್ಲಿ 1991 ಮತ್ತು 1992ರ ಕಡತಗಳನ್ನು ಬಿಟ್ಟು ಉಳಿದದ್ದು ಸಿಕ್ಕಿತು. ಆ ಎರಡು ವರ್ಷ ನಮ್ಮ ಅಂಗಳಕ್ಕೆ ಎಷ್ಟು ಮಳೆ ಬಂದಿತ್ತೆಂದು ಇನ್ನು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಾಗುವಂತಿಲ್ಲ.

ಮೂಡುಬಿದಿರೆಯ ಮಾತು ಬಂದುದರಿಂದ ಒಂದು ವಿಷಯ ನೆನಪಾಗುತ್ತದೆ. ಧವಲಾ, ಜಯಧವಲಾ, ಮಹಾಧವಲಾ ಎಂಬ ಜೈನ ಸಿದ್ಧಾಂತ ಗ್ರಂಥಗಳು ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಅಲ್ಲಿನ ಬಸದಿಯೊಂದರಲ್ಲಿ ಮಾತ್ರ ಉಳಿದಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯದರ ಆರಂಭದವರೆಗೆ ವರ್ಷಗಟ್ಟಲೆ ಕುಳಿತು ಅವುಗಳನ್ನು ನಕಲು ಮಾಡಿದರು. ಧವಲಾ 1939ರಿಂದ ಅಚ್ಚಾಗತೊಡಗಿತು. ಗರಿಗಳು ಶಿಥಿಲವಾಗುವ ಮೊದಲೇ ನಕಲು ಮಾಡಬೇಕೆಂದು ಹೊಳೆದವರು ನನಗಿಂತ ಜಾಣರು.

ಡಿಸ್ಕು ಕೆಟ್ಟಿದ್ದರೆ ಅದರ ಜಾಗಕ್ಕೆ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು. ಇದರಲ್ಲಿ ತಿರುಗುವ ಭಾಗಗಳೇ ಇಲ್ಲ. ಎರಡೂವರೆ ಇಂಚಿನ ಸಾಟಾ ಮಾದರಿಯದ್ದು ಹೆಚ್ಚಿನ ಹಳೆಯ ಲ್ಯಾಪ್‌ಟಾಪುಗಳಲ್ಲಿ ಹಾರ್ಡ್ ಡಿಸ್ಕಿನ ಜಾಗದಲ್ಲಿಯೇ ಕೂರುತ್ತದೆ. ಐದು ನಿಮಿಷಕ್ಕೆ ತೆರೆಯುತ್ತಿದ್ದ ಯಂತ್ರ ಅರ್ಧ ನಿಮಿಷಕ್ಕೆ ತೆರೆಯುವುದನ್ನು ನೋಡಿದರೆ ಇಷ್ಟು ವರ್ಷ ಯಾಕೆ ಹಾಕಿಸಲಿಲ್ಲವೆಂದು ಅನಿಸುತ್ತದೆ. ಮೆಮೊರಿಯ ಅಂಕಿ ಸದಾ ತುಂಬಿದ್ದರೆ ರ್ಯಾಮ್ ಸಾಲದೆಂದು ಅರ್ಥ. ಆ ಕಾಲದ ಯಂತ್ರಗಳಲ್ಲಿ 4 ಜಿಬಿ ಇರುವುದು ಹೆಚ್ಚು. 8 ಜಿಬಿ ಮಾಡಿಸಿದರೆ ಕ್ರೋಮಿನಲ್ಲಿ ನಾಲ್ಕು ಪುಟ ತೆರೆದರೂ ಏದುಸಿರು ಬಿಡುವುದಿಲ್ಲ. ಆದರೆ ಕೊಳ್ಳುವ ಮೊದಲು ನಿಮ್ಮದಕ್ಕೆ ಡಿಡಿಆರ್3 ಬೇಕೋ ಡಿಡಿಆರ್4 ಬೇಕೋ ವಿಚಾರಿಸಿಕೊಳ್ಳಿ. ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ.

ಇನ್ನು ನಮ್ಮ ಊರಿನದ್ದೇ ಆದ ಒಂದು ರೋಗ, ದೂಳು. ಪೇಟೆಯವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಅಡಿಕೆ ಅಂಗಳದಲ್ಲಿ ನಲವತ್ತು ದಿನ ಒಣಗಿ, ಸುಲಿಯುವ ಯಂತ್ರ ಜಗಲಿಯಲ್ಲಿ ಓಡುವಾಗ ಏಳುವ ಸಿಪ್ಪೆಯ ನಾರು ದೂಳನ್ನು ಚಾವಡಿಯಲ್ಲಿರುವ ಲ್ಯಾಪ್‌ಟಾಪಿನ ಪಂಕ ಒಳಗೆಳೆದುಕೊಳ್ಳುತ್ತದೆ. ಜೂನಿನ ತೇವಕ್ಕೆ ಅದು ಗಾಳಿ ಹೋಗುವ ಕಿಂಡಿಯಲ್ಲಿ ಕಂಬಳಿಯ ಹಾಗೆ ಹೆಪ್ಪುಗಟ್ಟುತ್ತದೆ. ಘಟ್ಟದ ಮೇಲೆ ಕಾಫಿ ಕಣದ ಪಕ್ಕ ಯಂತ್ರ ಇಟ್ಟುಕೊಂಡವರದ್ದೂ ಇದೇ ಕಥೆ. ಶಾಖ ಹೊರಹೋಗಲು ದಾರಿಯಿಲ್ಲದೆ ಪ್ರೊಸೆಸರು ನೂರು ಡಿಗ್ರಿ ಸೆಲ್ಸಿಯಸಿನ ಹತ್ತಿರ ಬಂದಾಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಮತ್ತೂ ಬಿಸಿಯಾದರೆ ಆರಿಹೋಗುತ್ತದೆ. ಆರಂಭದಲ್ಲಿ ಸರಿಯಿದ್ದು ಇಪ್ಪತ್ತು ಮೂವತ್ತು ನಿಮಿಷದ ಬಳಿಕ ನಿಲ್ಲುವ, ಅಡಿಭಾಗ ಕೈಯಿಡಲಾಗದಷ್ಟು ಸುಡುವ ಯಂತ್ರಕ್ಕೆ ಇದೇ ಕಾರಣವೆಂದು ಬಹುಮಟ್ಟಿಗೆ ಹೇಳಬಹುದು. ನನ್ನದಕ್ಕೆ ಡಿಸ್ಕಿನ ಜೊತೆಗೆ ಈ ರೋಗವೂ ಇತ್ತು. ಅಡಿಯ ಮುಚ್ಚಳ ತೆಗೆದಾಗ ಹೊರಬಂದ ನಾರಿನಲ್ಲಿ ಒಂದು ಸತ್ತ ಇರುವೆಯ ಸಂಸಾರವೇ ಇತ್ತು.

ಶುಚಿ ಮಾಡುವಾಗ ಯಂತ್ರವನ್ನು ಆರಿಸಿ, ಚಾರ್ಜರು ಕಳಚಿ, ಸಾಧ್ಯವಿದ್ದರೆ ಬ್ಯಾಟರಿಯನ್ನೂ ಬಿಡಿಸಿರಿ. ಮೆದುವಾದ ಕುಂಚ ಸಾಕು. ಗಾಳಿ ಊದುವುದಾದರೆ ಪಂಕದ ರೆಕ್ಕೆ ತಿರುಗದಂತೆ ಕಡ್ಡಿಯಿಂದ ಹಿಡಿದುಕೊಳ್ಳಬೇಕು. ಸ್ಪ್ರೇಯರಿನ ಗಾಳಿ ಬಿಟ್ಟವರೊಬ್ಬರ ಕಥೆ ಕೇಳಿದ್ದೇನೆ. ಪಂಕವೂ ಹೋಯಿತು, ಮೈಲುತುತ್ತಿನ ಕಲೆಯೂ ಆಯಿತು. ಪ್ರೊಸೆಸರಿನ ಮೇಲಿನ ಥರ್ಮಲ್ ಪೇಸ್ಟು ಹತ್ತು ವರ್ಷದಲ್ಲಿ ಒಣಗಿ ಪುಡಿಯಾಗಿರುತ್ತದೆ. ಅದನ್ನು ಒರೆಸಿ ಹೊಸತು ಹಚ್ಚುವುದನ್ನು ಬಲ್ಲವರಿಂದಲೇ ಮಾಡಿಸಿದರೆ ಉತ್ತಮ.

ಹೀಗೆ ತೆರೆದಾಗ ಬ್ಯಾಟರಿಯನ್ನು ನೋಡಲು ಮರೆಯಬೇಡಿ. ಅದು ಉಬ್ಬಿದ್ದರೆ, ಬೆರಳಾಡಿಸುವ ಜಾಗ ಮೇಲೆದ್ದಿದ್ದರೆ, ಅದನ್ನು ಚುಚ್ಚುವುದು, ಒತ್ತುವುದು, ಪುನಃ ಚಾರ್ಜಿಗೆ ಹಾಕುವುದು ಮಾಡಲೇಬಾರದು. ಬೆಂಕಿ ಹಿಡಿಯುವ ವಸ್ತು ಅದು. ಕೆಲವು ಯಂತ್ರಗಳು ಚಾರ್ಜರನ್ನು ಗುರುತಿಸದಿದ್ದರೂ ವೇಗ ಇಳಿಸಿಕೊಳ್ಳುತ್ತವೆ. ನಮ್ಮ ಕಡೆಯ ಕಡಿಮೆ ವೋಲ್ಟೇಜಿಗೆ ಹೆದರಬೇಕಾಗಿಲ್ಲ. ಹೆಚ್ಚಿನ ಚಾರ್ಜರುಗಳು 100ರಿಂದ 240 ವೋಲ್ಟಿನವರೆಗೆ ತಡೆದುಕೊಳ್ಳುತ್ತವೆ. ಆದರೆ ಸಿಡಿಲನ್ನು ಯಾವ ಚಾರ್ಜರೂ ತಡೆಯದು. ಏಪ್ರಿಲ್, ಮೇ ಹಾಗೂ ಅಕ್ಟೋಬರದಲ್ಲಿ ಗುಡುಗು ಕೇಳಿದ ಕೂಡಲೇ ಪ್ಲಗ್ಗನ್ನೂ ಇಂಟರ್ನೆಟ್ ತಂತಿಯನ್ನೂ ಕಳಚಿಡಿ.

ವಿಂಡೋಸಿನ ವಿಷಯ. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ವಿಂಡೋಸ್ 11 ಹಾಕಲು ಇಂಟೆಲಿನ ಎಂಟನೆಯ ತಲೆಮಾರಿನ ಅಥವಾ ಅನಂತರದ ಪ್ರೊಸೆಸರು ಬೇಕೆಂಬ ನಿಯಮವಿರುವುದರಿಂದ 2017ಕ್ಕಿಂತ ಹಿಂದಿನ ಯಂತ್ರಗಳಿಗೆ ಆ ದಾರಿ ಮುಚ್ಚಿದಂತೆಯೇ. ಹಾಗೆಂದು ಎಸೆಯಬೇಕಾಗಿಲ್ಲ. ಲಿನಕ್ಸ್ ಮಿಂಟ್ ಎಂಬುದು ಉಚಿತ, 4 ಜಿಬಿಯಲ್ಲಿ ಓಡುತ್ತದೆ, ಕನ್ನಡ ಟೈಪಿಂಗಿಗೂ ಅವಕಾಶವಿದೆ. ಒಂದೇ ಎಚ್ಚರಿಕೆ: ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಟೈಪಿಸಿದ ಕಡತಗಳನ್ನು ಮೊದಲು ಯೂನಿಕೋಡಿಗೆ ಪರಿವರ್ತಿಸಿಟ್ಟುಕೊಳ್ಳಬೇಕು. ಇಲ್ಲವಾದರೆ ಆ ಫಾಂಟು ಇಲ್ಲದ ಯಂತ್ರದಲ್ಲಿ ನಿಮ್ಮ ಲೆಕ್ಕವೆಲ್ಲ ಇಂಗ್ಲಿಷ್ ಅಕ್ಷರಗಳ ಚೆಲ್ಲಾಪಿಲ್ಲಿಯಾಗಿ ಕಾಣುತ್ತದೆ.

ಕೊನೆಗೆ, ನಿಲ್ಲದಿದ್ದರೂ ನಿಂತಂತೆ ನಟಿಸುವ ಪ್ರಸಂಗವೊಂದುಂಟು. ಇಂಟರ್ನೆಟ್ ನೋಡುತ್ತಿರುವಾಗ ಪರದೆ ತುಂಬ ಕೆಂಪು ಎಚ್ಚರಿಕೆ ಬಂದು, ನಿಮ್ಮ ಕಂಪ್ಯೂಟರನ್ನು ಬಂದ್ ಮಾಡಲಾಗಿದೆ, ಈ ನಂಬ್ರಕ್ಕೆ ಫೋನು ಮಾಡಿ ಎಂದು ಕಿರುಚುತ್ತದೆ. ಅದು ಶುದ್ಧ ಮೋಸ. ಫೋನು ಮಾಡಿದರೆ ನಿಮ್ಮ ಯಂತ್ರವನ್ನು ಅವರೇ ದೂರದಿಂದ ನಡೆಸುವಂಥ ಆ್ಯಪ್ ಹಾಕಿಸಿ ಬ್ಯಾಂಕಿನ ಖಾತೆಗೆ ಕೈಹಾಕುತ್ತಾರೆ. ಗುಂಡಿ ಒತ್ತಿ ಯಂತ್ರವನ್ನು ಆರಿಸಿಬಿಡಿ, ಅಷ್ಟೇ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ದೂರು ಕೊಡತಕ್ಕದ್ದು.

ನನ್ನ 2014ರ ಯಂತ್ರ ಈಗ ಹೊಸ ಎಸ್‌ಎಸ್‌ಡಿ ಹೊತ್ತುಕೊಂಡು ಓಡುತ್ತಾ ಉಂಟು. ಅಡಿಕೆ ಸುಲಿಯುವ ದಿನಗಳಲ್ಲಿ ಅದನ್ನು ಅಟ್ಟದ ಕೋಣೆಗೆ ಸಾಗಿಸುತ್ತೇವೆ. ಮಳೆ ಲೆಕ್ಕದ ಒಂದು ಪ್ರತಿ ಕಬ್ಬಿಣದ ಕಪಾಟಿನ ಪೆನ್ ಡ್ರೈವಿನಲ್ಲಿದೆ, ಇನ್ನೊಂದು ಮಗಳ ಹತ್ತಿರ ಬೆಂಗಳೂರಿನಲ್ಲಿ. ಈ ವರ್ಷದಿಂದ ಮನೆಯವಳು ಮಳೆಯನ್ನು ಪುನಃ ಪುಸ್ತಕದಲ್ಲಿಯೂ ಬರೆಯುತ್ತಿದ್ದಾಳೆ.